ನಿರ್ವಾಣಪ್ಪನವರ ಅಪ್ಪನ ಮದುವೆ

ನಮ್ಮೂರಿನ ಅಣೆಕಟ್ಟಿನ ಹಳೆಯ ಫೋಟೋಗಳಲ್ಲಿರುವ ಜನ ನಿಂತಲ್ಲಿ ನಿಲ್ಲುವುದಿಲ್ಲ. ಹೊರಗಿನಿಂದ ಬಂದವರಿಗೆ ಇದನ್ನು ಹೇಳಿದರೆ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಗೋಡೆ ನೋಡುತ್ತಾರೆ, ಆಮೇಲೆ ವಾಪಸು ಹೋಗುವ ಬಸ್ಸು ಯಾವಾಗ ಎಂದು ಕೇಳುತ್ತಾರೆ. ಊರಿನವರಿಗೆ ಮಾತ್ರ ಇದೊಂದು ವಿಷಯವೇ ಅಲ್ಲ. ಇಷ್ಟು ದೊಡ್ಡ ಅಣೆಕಟ್ಟಿನ ಬುಡದಲ್ಲಿದ್ದೂ ನಮ್ಮ ನಲ್ಲಿಗಳಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ. ಅದನ್ನು ಒಪ್ಪಿಕೊಂಡವರು ಇದನ್ನೂ ಒಪ್ಪಿಕೊಂಡಿದ್ದಾರೆ.

ಅಣೆಕಟ್ಟು ಕಟ್ಟುತ್ತಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮ ಮೂರು ಕಾಲಿನ ಕ್ಯಾಮೆರಾ ಹೊತ್ತುಕೊಂಡು ನದಿಯ ಎರಡೂ ದಡ ಅಲೆದು ಈ ಫೋಟೋಗಳನ್ನು ತೆಗೆದಿದ್ದಾನೆ. ಗುದ್ದಲಿಪೂಜೆ, ಬಂಡೆ ಸಿಡಿಸುವುದು, ಅಳತೆಯವರು, ವಾರದ ಸಂತೆ, ಕೂಲಿ ಲೈನಿನ ಗುಡಿಸಲುಗಳು, ಟೋಪಿ ಸಾಹೇಬನ ಟೀ ಪಾರ್ಟಿ, ಕೊನೆಗೆ ಎಲ್ಲ ಗೇಟುಗಳಿಂದಲೂ ನೀರು ಧುಮ್ಮಿಕ್ಕುವ, ಗೋಡೆಯಗಲದ ಒಂದು ದೊಡ್ಡ ಫೋಟೋ. ಅವೆಲ್ಲ ಈಗ ಹಳೆಯ ಪ್ರವಾಸಿ ಮಂದಿರದ ಹಜಾರದಲ್ಲಿ ತೂಗುತ್ತಿವೆ. ಊರವರು ಆ ಕಟ್ಟಡವನ್ನು ಫೋಟೋ ಮನೆ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ ನನಗೆ ಫೋಟೋದಮ್ಮ ಎಂಬ ಹೆಸರು ಬಿದ್ದಿದೆ.

ನಾವು ನೋಡುತ್ತಿರುವಷ್ಟು ಹೊತ್ತು ಅವರು ಅಲ್ಲಾಡುವುದಿಲ್ಲ. ಕಣ್ಣು ಮುಚ್ಚಿದರೆ ಅಥವಾ ಬೆನ್ನು ತಿರುಗಿಸಿದರೆ ಸಾಕು, ತಮ್ಮ ಪಾಡಿಗೆ ತಾವು ಓಡಾಡುತ್ತಾರೆ. ಚೌಕಟ್ಟುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದು ಫೋಟೋದಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ನಮ್ಮ ಮಾತು ಅವರಿಗೆ ಕೇಳಿಸುತ್ತದೆ, ಅವರದು ನಮಗೆ ಕೇಳಿಸುವುದಿಲ್ಲ. ಹಾಗಾಗಿ ಊರಿನವರು ಬಂದು, "ತಾತಾ, ಮೊಮ್ಮಗಳಿಗೆ ಮದುವೆ ಗೊತ್ತಾಯ್ತು" ಎಂದು ಹೇಳಿ, ಕಣ್ಣು ಮುಚ್ಚಿ, ಒಂದು ಉಸಿರು ಬಿಟ್ಟು, ಮತ್ತೆ ಕಣ್ಣು ತೆರೆಯುತ್ತಾರೆ. ಅಷ್ಟರಲ್ಲಿ ತಾತ ಸುತ್ತಿಗೆ ಕೆಳಗಿಟ್ಟು ಎರಡೂ ಕೈ ಎತ್ತಿ ಹರಸುತ್ತಿರುತ್ತಾನೆ. ಅವನಿಗೆ ಇಪ್ಪತ್ತೆರಡು ವರ್ಷ, ಮೀಸೆ ಈಗಷ್ಟೇ ಮೂಡುತ್ತಿದೆ, ಆದರೂ ತಾತ ತಾತನೇ. ಭಾನುವಾರ ಎಲ್ಲರೂ ಸಂತೆಯ ಫೋಟೋದಲ್ಲಿ ತುರುಕಿಕೊಂಡು ಉಳಿದವೆಲ್ಲ ಖಾಲಿ ಹೊಡೆಯುತ್ತವೆ. ದಿನಾ ಬೆಳಿಗ್ಗೆ ನಾನು ಮಾಡುವ ಮೊದಲ ಕೆಲಸವೆಂದರೆ ಟೀ ಪಾರ್ಟಿಯ ಬಿಸ್ಕತ್ತಿಗೆ ಬಾಯಿ ಹಾಕಿರುವ ಕತ್ತೆಯನ್ನು ಗದರಿ, ಕಣ್ಣು ಮುಚ್ಚಿ ನಿಂತು, ಅದು ಮರಳು ಸಾಗಿಸುವ ಫೋಟೋಗೆ ವಾಪಸು ಹೋಗಲು ಬಿಡುವುದು.

ಒಂದು ಸೋಮವಾರ ಬೀಗ ತೆಗೆದು ನೋಡುತ್ತೇನೆ, ಅಳತೆಯ ಫೋಟೋದಲ್ಲಿ ಗಂಗಾಧರಪ್ಪ ಇಲ್ಲ. ಬಿಳಿ ಪಂಚೆ, ಕರಿ ಕೋಟು ತೊಟ್ಟು, ಬಂಡೆಯ ಮೇಲೆ ಅಳತೆಕೋಲು ಹಿಡಿದು ನಿಂತಿರುವ ಹುಡುಗ ಅವನು. ಇಪ್ಪತ್ತನಾಲ್ಕರ ವಯಸ್ಸು. ಇಷ್ಟು ವರ್ಷಗಳಲ್ಲಿ ಭಾನುವಾರದ ಸಂತೆಗೆ ಬಿಟ್ಟರೆ ಆ ಬಂಡೆಯಿಂದ ಇಳಿದವನೇ ಅಲ್ಲ. ಈಗ ಕೋಲನ್ನು ಬಂಡೆಗೆ ಒರಗಿಸಿ ಎಲ್ಲಿಗೋ ಹೋಗಿದ್ದ. ಒಂದೊಂದೇ ಫೋಟೋ ಹುಡುಕುತ್ತಾ ಹೋದೆ. ಸಿಕ್ಕಿದ್ದು ಕೂಲಿ ಲೈನಿನ ಹೊಂಗೆ ಮರದ ಕೆಳಗೆ. ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ಕಲ್ಲು ಹೊರುವ ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಕೂಲಿ ಹುಡುಗಿ ಹೊನ್ನೂರಮ್ಮ ಕೂತಿದ್ದಳು. ಇಬ್ಬರ ನಡುವೆ ಬಿಚ್ಚಿದ ಬುತ್ತಿ. ಅವಳು ರೊಟ್ಟಿ ಮುರಿದು ಕೊಡುತ್ತಿದ್ದಳು, ಅವನು ಬಾಯಿ ತುಂಬ ನಗುತ್ತಿದ್ದ.

ತಕ್ಷಣ ಗಡಿಯಾರ ನೋಡಿದೆ. ಯಾಕೆಂದರೆ ಸೋಮವಾರ ನಿರ್ವಾಣಪ್ಪನವರು ಬರುವ ದಿನ.

ನಿರ್ವಾಣಪ್ಪನವರು ನಿವೃತ್ತ ಹೆಡ್‌ಮಾಸ್ತರರು, ಗಂಗಾಧರಪ್ಪನ ಒಬ್ಬನೇ ಮಗ. ಎಪ್ಪತ್ತೆಂಟು ವರ್ಷ. ವಾರಕ್ಕೊಮ್ಮೆ ಬಂದು ತಂದೆಯ ಮುಂದೆ ಕುರ್ಚಿ ಹಾಕಿಕೊಂಡು ಪತ್ರಿಕೆ ಓದಿ ಹೇಳಿ ಹೋಗುವುದು ಅವರ ಪದ್ಧತಿ. ಅವತ್ತೂ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದರು. ಖಾಲಿ ಬಂಡೆ ನೋಡಿದರು. ನನ್ನ ಮುಖ ನೋಡಿದರು. ನನ್ನ ಕಣ್ಣು ತಾನಾಗಿಯೇ ಹೊಂಗೆ ಮರದ ಕಡೆಗೆ ಹೋಯಿತು. ಅವರ ಕಣ್ಣು ಅದರ ಹಿಂದೆಯೇ ಹೋಯಿತು.

"ಅಪ್ಪಾಜಿ!" ಎಂದು ಕೂಗಿದರು. ಆ ಕೂಗಿಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು. "ಏನಿದು ಅಪ್ಪಾಜಿ? ಹಾಡಹಗಲು! ಕೆಲಸದ ವೇಳೆಯಲ್ಲಿ! ನಿಮಗೆ ವಯಸ್ಸಾಯಿತಲ್ಲವೇ?" ಆಮೇಲೆ ಫೋಟೋದಲ್ಲಿರುವ ಮುಖ ತಮ್ಮ ಮೊಮ್ಮಗನಷ್ಟು ಎಳೆಯದೆಂಬುದು ಹೊಳೆದು, "ಅಥವಾ ವಯಸ್ಸೇ ಆಗಿಲ್ಲ ಅಂತ ಹೀಗಾಡುತ್ತೀಯೇನೋ? ಎದ್ದೇಳು! ಎದ್ದೇಳಿ ಅಪ್ಪಾಜಿ!" ಎಂದರು.

ಇಬ್ಬರೂ ಕಣ್ಣು ಮುಚ್ಚಿ ತೆರೆದೆವು. ಗಂಗಾಧರಪ್ಪ ಎದ್ದಿರಲಿಲ್ಲ. ಮಗನ ಕಡೆಗೆ ಬೆನ್ನು ತಿರುಗಿಸಿ ಇನ್ನೊಂದು ರೊಟ್ಟಿ ತೆಗೆದುಕೊಂಡಿದ್ದ.

"ಆ ಹೆಂಗಸಿನ ಕಡೆಯವರು ಯಾರು?" ಎಂದು ನಿರ್ವಾಣಪ್ಪನವರು ನನ್ನನ್ನು ಕೇಳಿದರು. ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹೊನ್ನೂರಮ್ಮನ ಮಗಳು ದುರುಗಮ್ಮ ಅಣೆಕಟ್ಟಿನ ಗೇಟಿನ ಮುಂದೆ ಮೀನು ಕರಿದು ಮಾರುತ್ತಾಳೆ. ನಿರ್ವಾಣಪ್ಪನವರು ಆ ವಾಸನೆಗೆ ಹೆದರಿ ನಿತ್ಯ ವಾಕಿಂಗಿಗೆ ಸುತ್ತು ಹಾದಿ ಹಿಡಿಯುತ್ತಾರೆ. ಹೇಳಿದೆ. ಅವಳನ್ನು ಕೂಡಲೇ ಕರೆಸುವಂತೆ ಅವರು ಅಪ್ಪಣೆ ಮಾಡಿದರು.

ದುರುಗಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ನಿರ್ವಾಣಪ್ಪನವರಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ಗಂಟಲು ಮಾತ್ರ ಅವರಿಗಿಂತ ದೊಡ್ಡದು. ಹೆಣ್ಣಿನ ಕಡೆಯವಳು ತಗ್ಗಿ ಮಾತಾಡುತ್ತಾಳೆಂದು ಹೆಡ್‌ಮಾಸ್ತರರು ಎಣಿಸಿದ್ದರೋ ಏನೋ. ಅವಳು ಫೋಟೋ ನೋಡಿದವಳೇ ಸೊಂಟದ ಮೇಲೆ ಕೈ ಇಟ್ಟಳು.

"ಅಯ್ಯೋ ಅವ್ವಾ! ಆ ಕೋಲು ಹಿಡಿಯೋನ ಜೊತೆ ಏನೇ ನಿನ್ನ ಕಿಸಿಕಿಸಿ? ಊರಲ್ಲಿ ಗಂಡು ಸಿಗ್ಲಿಲ್ವೇನೇ ನಿಂಗೆ?"

"ಏನಮ್ಮಾ, ನಾಲಿಗೆ ಹಿಡಿತದಲ್ಲಿರಲಿ. ನಮ್ಮ ತಂದೆಯವರು ಸರ್ವೆ ಇಲಾಖೆಯಲ್ಲಿದ್ದವರು."

"ಇದ್ರೆ ಇರ್ಲಿ ಬಿಡಿ. ಈ ಅಣೆಕಟ್ಟಿನ ಕಲ್ಲು ನಮ್ಮವ್ವನ ತಲೆ ಮ್ಯಾಲೆ ಬಂದಿದ್ದು. ನಿಮ್ಮಪ್ಪ ಏನ್ ಮಾಡವ್ನೆ? ಬಿಸ್ಲಲ್ಲಿ ಕೋಲು ಹಿಡ್ಕಂಡು ಗೂಟದಂಗೆ ನಿಂತವ್ನೆ. ಈಗ ನಮ್ಮವ್ವನ ಬುತ್ತಿ ಬೇರೆ ತಿಂತಾವ್ನೆ. ಫೋಟೋದಮ್ಮ, ನೋಡು, ಮೂರ್ನೇ ರೊಟ್ಟಿ!"

ಬಹಳ ಹೊತ್ತು ಜಗಳವಾಯಿತು. ಅದರಲ್ಲಿ ಇಬ್ಬರೂ ಒಪ್ಪಿದ ಸಂಗತಿ ಒಂದೇ. ಮನೆಯ ಹಿರಿಯರು ದಾರಿ ತಪ್ಪಿದಾಗ ಚಿಕ್ಕವರು ಬುದ್ಧಿ ಹೇಳಬೇಕು. ಅಳತೆಯ ಫೋಟೋವನ್ನು ಆ ಸಾಲಿನಿಂದ ಕಿತ್ತು ಎದುರು ಗೋಡೆಯಲ್ಲಿ ಕಿಟಕಿಯ ಪಕ್ಕ ಒಂಟಿಯಾಗಿ ತೂಗುಹಾಕುವಂತೆ ನನಗೆ ಅಪ್ಪಣೆಯಾಯಿತು. ಗಂಗಾಧರಪ್ಪ ವಾಪಸು ಬಂಡೆಯ ಮೇಲೆ ಹೋಗುವವರೆಗೂ ದುರುಗಮ್ಮ ಬಯ್ಯುತ್ತಾ, ಕಣ್ಣು ಮುಚ್ಚುತ್ತಾ, ತೆರೆಯುತ್ತಾ ಕಾದಳು. ಅವನು ಹೋದ. ತಲೆ ತಗ್ಗಿಸಿಕೊಂಡು ಹೋದ. ನಾನು ಮೊಳೆ ಹೊಡೆದು ಆ ಚೌಕಟ್ಟನ್ನು ಎದುರು ಗೋಡೆಗೆ ಹಾಕಿದೆ.

ಇದರಿಂದ ಹೀಗಾಗುತ್ತದೆಂದು ಯಾರಿಗೆ ಗೊತ್ತಿತ್ತು? ಮರುದಿನ ಬಂದು ನೋಡಿದರೆ ಗಂಗಾಧರಪ್ಪ ಅಳತೆಕೋಲನ್ನು ಅಡ್ಡ ಮಲಗಿಸಿ ಅದರ ಮೇಲೆಯೇ ಕೂತು ಮೊಣಕಾಲಿಗೆ ಗಲ್ಲ ಊರಿದ್ದ. ಹೊನ್ನೂರಮ್ಮ ಮಂಕರಿ ಮುಟ್ಟಿರಲಿಲ್ಲ. ಅದರ ಮರುದಿನ ಉಳಿದ ಹೆಂಗಸರೂ ಮಂಕರಿ ಕೆಳಗಿಟ್ಟರು. ಗಾರೆಯವರು ಗಾರೆ ಬಿಟ್ಟರು. ಬಂಡೆ ಸಿಡಿಸುವವರು ಮದ್ದಿನ ಪೆಟ್ಟಿಗೆಯ ಮೇಲೆ ಕೂತು ಬೀಡಿ ಸೇದತೊಡಗಿದರು, ಅದನ್ನು ನೋಡಿ ನನಗೆ ಬೆವರು ಕಿತ್ತುಬಂತು. ಕ್ರೇನಿನಲ್ಲಿ ಒಂದು ಕಲ್ಲು ಅರ್ಧಕ್ಕೇ ನೇತಾಡುತ್ತಾ ಉಳಿಯಿತು. ವಾರ ಕಳೆಯುವಷ್ಟರಲ್ಲಿ ಎಲ್ಲ ಫೋಟೋಗಳಲ್ಲೂ ಎಲ್ಲರೂ ನಮಗೆ ಬೆನ್ನು ಹಾಕಿ ಕೂತಿದ್ದರು. ಕತ್ತೆ ಕೂಡ.

ಅಷ್ಟಾಗಿದ್ದರೂ ಸಹಿಸಬಹುದಿತ್ತು. ಕೆಲಸ ನಿಂತದ್ದರಿಂದ ಫೋಟೋಗಳೊಳಗಿನ ಅಣೆಕಟ್ಟು ಇಳಿಯತೊಡಗಿತು. ಆ ಗೋಡೆಯಗಲದ ಫೋಟೋದಲ್ಲಿ ಮೊದಲು ಮೇಲಿನ ಕಟಕಟೆ ಮಾಯವಾಯಿತು, ಆಮೇಲೆ ಒಂದು ವರಸೆ ಕಲ್ಲು, ಆಮೇಲೆ ಮೂಲೆಯ ಒಂದು ಗೇಟು. ಊರಿನಲ್ಲಿ ಗುಲ್ಲೆದ್ದಿತು. ಜನ ಫೋಟೋ ನೋಡಿ, ಓಡಿಹೋಗಿ ನಿಜವಾದ ಅಣೆಕಟ್ಟು ನೋಡಿ, ಮತ್ತೆ ಓಡಿಬಂದು ಫೋಟೋ ನೋಡುತ್ತಿದ್ದರು. ನಿಜವಾದ ಅಣೆಕಟ್ಟಿಗೆ ಏನೂ ಆಗಿರಲಿಲ್ಲ. ಆದರೂ ಕೆಳಗಿನ ಬೀದಿಯವರು ಹಾಸಿಗೆ, ದಿಂಬು, ರುಬ್ಬುವ ಯಂತ್ರಗಳನ್ನೆಲ್ಲ ಮಹಡಿಗೆ ಸಾಗಿಸಿದರು. ಮಹಡಿ ಇಲ್ಲದವರು ಮಹಡಿ ಇದ್ದವರ ಜೊತೆ ಒಮ್ಮೆಲೇ ನಯವಾಗಿ ಮಾತಾಡತೊಡಗಿದರು.

ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ಅಣೆಕಟ್ಟಿನ ಇಂಜಿನಿಯರ್ ವಾಮನರಾಯರು. ಅಣೆಕಟ್ಟಿನ ವಾರ್ಷಿಕೋತ್ಸವಕ್ಕೆ ಮಂತ್ರಿಗಳು ಬರುವವರಿದ್ದರು. ಹಳೆಯ ಫೋಟೋಗಳನ್ನು ನೋಡುವುದು ಅವರ ಕಾರ್ಯಕ್ರಮದಲ್ಲೇ ಇತ್ತು.

"ಬಂದವರಿಗೆ ಏನು ತೋರಿಸೋದು? ಇಷ್ಟೊಂದು ಬೆನ್ನುಗಳನ್ನೇ?" ಎಂದು ಅವರು ನನ್ನ ಮೇಲೆ ರೇಗಿದರು. ಆಮೇಲೆ ಹಜಾರದ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು, ತಾವೇ ಬರೆದು ತಂದಿದ್ದ ಆಜ್ಞೆಯನ್ನು ಓದಿದರು. ಅನುಮತಿಯಿಲ್ಲದೆ ಕೆಲಸ ನಿಲ್ಲಿಸಿರುವ ಎಲ್ಲ ನೌಕರರೂ ಕೂಡಲೇ ಕರ್ತವ್ಯಕ್ಕೆ ಮರಳತಕ್ಕದ್ದು, ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು. ಇಬ್ಬರೂ ಕಣ್ಣು ಮುಚ್ಚಿ ತೆರೆದೆವು. ಟೀ ಪಾರ್ಟಿಯ ಫೋಟೋದಲ್ಲಿ ಟೋಪಿ ಸಾಹೇಬನೊಬ್ಬ ಮಾತ್ರ ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದು ನಿಂತಿದ್ದ. ವಾಮನರಾಯರು ನಿಟ್ಟುಸಿರುಬಿಟ್ಟು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಆ ಕುರ್ಚಿಯಲ್ಲಿ ಒಬ್ಬ ಗಾರೆಯವನು ಕಾಲ ಮೇಲೆ ಕಾಲು ಹಾಕಿ ಕೂತಾಗಿತ್ತು.

"ಏನಾದರೂ ಮಾಡಿ. ನನ್ನ ಹೆಂಡತಿಯ ಅಜ್ಜ ಗುದ್ದಲಿಪೂಜೆಯ ಫೋಟೋದಲ್ಲಿದ್ದಾರೆ. ಅವರೂ ಬೆನ್ನು ಹಾಕಿದ್ದಾರೆ. ಮನೆಯಲ್ಲಿ ನನಗೆ ಊಟ ಸರಿಯಾಗಿ ಸಿಗುತ್ತಿಲ್ಲ" ಎಂದು ಹೇಳಿ ಅವರು ಹೊರಟುಹೋದರು.

ಮಾಡಬೇಕಾದವರು ಇಬ್ಬರೇ. ಅವರಿಬ್ಬರನ್ನೂ ನನ್ನ ಕೋಣೆಗೆ ಕರೆಸಿದೆ. ನಿರ್ವಾಣಪ್ಪನವರು ಇಳಿದುಹೋಗಿದ್ದರು. ದಿನವೂ ಬೆಳಿಗ್ಗೆ ಫೋಟೋ ಮನೆಯ ಬಾಗಿಲಿಗೆ ಬಂದು, "ಮೇಡಂ, ನಾನು ನಿಮಗೆ ಸರಿಯಾಗಿ ಕಾಣಿಸುತ್ತಿದ್ದೇನೆಯೇ?" ಎಂದು ಕೇಳುತ್ತಿದ್ದರು. ಮೊದಮೊದಲು ನಾನು ಕಣ್ಣಿನ ಪೊರೆಯ ಮಾತೇನೋ ಅಂದುಕೊಂಡಿದ್ದೆ. ಅವತ್ತು ಬಾಯಿ ಬಿಟ್ಟರು.

"ನಮ್ಮ ತಂದೆ ನಮ್ಮ ತಾಯಿಯನ್ನು ಮದುವೆಯಾದದ್ದು ಅಣೆಕಟ್ಟು ಮುಗಿದ ಮೇಲೆ. ಈಗ ಅವರು ಅಲ್ಲಿ ಆಕೆಯನ್ನು ಮದುವೆಯಾಗಿಬಿಟ್ಟರೆ? ನನ್ನ ತಾಯಿಯ ಗತಿ ಏನು? ನನ್ನ ಗತಿ ಏನು? ನಾನು ಹುಟ್ಟುವುದೇ ಇಲ್ಲವಲ್ಲ!"

ದುರುಗಮ್ಮ ಟೀ ಲೋಟವನ್ನು ಕೆಳಗಿಟ್ಟಳು. ಅವಳಿಗೆ ಇದು ಹೊಳೆದಿರಲಿಲ್ಲ. "ಹಂಗಂದ್ರೆ ನಾನೂ ಹುಟ್ಟಾಕಿಲ್ಲ. ನಮ್ಮಪ್ಪ ದೋಣಿ ನಡ್ಸೋಕೆ ಬಂದಿದ್ದು ನೀರು ನಿಂತ ಮ್ಯಾಲೆ. ಅಯ್ಯಯ್ಯಪ್ಪ! ಬೆಳಿಗ್ಗೆ ತಾನೇ ಬುಟ್ಟಿಗಟ್ಲೆ ಮೀನಿಗೆ ಮಸಾಲೆ ಹಚ್ಚಿ ಬಂದಿವ್ನಿ."

ಇಬ್ಬರೂ ಮೊದಲ ಸಲ ಒಬ್ಬರನ್ನೊಬ್ಬರು ಸಮಾಧಾನವಾಗಿ ನೋಡಿದರು. ಮುಳುಗುತ್ತಿರುವ ಒಂದೇ ದೋಣಿಯಲ್ಲಿ ಕೂತವರ ನೋಟ ಅದು. ದುರುಗಮ್ಮ ಕೈ ಚಾಚಿ ನಿರ್ವಾಣಪ್ಪನವರ ತೋಳನ್ನು ಬಲವಾಗಿ ಚಿವುಟಿದಳು. ಅವರು ಹಾ ಎಂದು ಕಿರುಚಿದರು.

"ನೋಯ್ತಾ?"

"ನೋಯದೆ ಇರುತ್ತದೆಯೇ?"

"ಹಂಗಾರೆ ಇದೀರ. ಇಷ್ಟು ಗಟ್ಟಿಯಾಗಿ ಹುಟ್ಟಿರೋರ್ನ ಮತ್ತೆ ಹುಟ್ಟದಂಗೆ ಮಾಡೋಕಾಯ್ತದಾ? ಅದೇನ್ ಹಲಗೆ ಮ್ಯಾಲಿನ ಅಕ್ಷರಾನಾ, ಒರ್ಸಿ ಹಾಕಾಕೆ?"

"ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ?"

"ಖಾತ್ರಿ ಎಲ್ಲೈತೆ. ಸುಮ್ನೆ ಧೈರ್ಯಕ್ಕೆ ಹೇಳ್ದೆ."

ನಿರ್ವಾಣಪ್ಪನವರು ಎದ್ದು ಹಜಾರಕ್ಕೆ ಹೋದರು. ನಾವೂ ಹಿಂದೆ ಹೋದೆವು. ಅವರು ಕಿಟಕಿಯ ಪಕ್ಕದ ಒಂಟಿ ಫೋಟೋದ ಮುಂದೆ ನಿಂತು, ಕೋಲಿನ ಮೇಲೆ ಕುಕ್ಕರಿಸಿದ್ದ ತಂದೆಯ ಬಾಗಿದ ಬೆನ್ನನ್ನು ನೋಡಿದರು.

"ಆ ದಿನ ಮರದ ಕೆಳಗೆ ಅವರು ನಗುತ್ತಿದ್ದರಲ್ಲ, ನೋಡಿದಿರಾ ಮೇಡಂ?" ಎಂದರು. "ನಮ್ಮ ಮನೆಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿಲ್ಲ. ಅವರಿಗೆ ಮುಂದಿನ ಹಲ್ಲಿನಲ್ಲಿ ಸಂದಿ ಇದೆ ಅನ್ನುವುದು ಮೊನ್ನೆಯೇ ನನಗೆ ಗೊತ್ತಾದದ್ದು. ನನ್ನ ಹಲ್ಲಿನಲ್ಲೂ ಹಾಗೇ ಇತ್ತು, ಹಲ್ಲು ಇದ್ದಾಗ. ಯಾರಿಂದ ಬಂತು ಅಂತ ಇಷ್ಟು ವರ್ಷ ಯೋಚಿಸಿದ್ದೆ."

ದುರುಗಮ್ಮ ಮೂಗು ಒರೆಸಿಕೊಂಡಳು. "ನಮ್ಮವ್ವನೂ ಕೂತ್ಕಂಡು ಉಂಡಿದ್ದು ನಾನ್ ಕಂಡಿಲ್ಲ. ಒಲೆ ಮುಂದೆ ನಿಂತೇ ಬಾಯಿಗೆ ಹಾಕ್ಕೊಳೋಳು. ಅಲ್ಲಿ ನೋಡಿದ್ರೆ ದೊರೆಸಾನಿ ತರ ಕೂತವ್ಳೆ."

"ಹುಟ್ಟದೆ ಹೋದರೆ ಹೋಗಲಿ ಬಿಡಿ" ಎಂದರು ನಿರ್ವಾಣಪ್ಪನವರು. "ಹೇಗೂ ಎಪ್ಪತ್ತೆಂಟು ವರ್ಷ ಇದ್ದಾಯಿತು. ಅದು ಉಳಿತಾಯವೇ. ಅವರು ನಗಲಿ. ಮೇಡಂ, ಆ ಫೋಟೋವನ್ನು ತೆಗೆದು ಅಲ್ಲಿಗೇ ಹಾಕಿ."

"ಸುಮ್ನೆ ಹಾಕೋದಲ್ಲ" ಎಂದಳು ದುರುಗಮ್ಮ. ಅವಳ ಗಂಟಲು ಮತ್ತೆ ಎಂದಿನಂತಾಗಿತ್ತು. "ನಮ್ಮವ್ವ ಮದ್ವೆಯಾಗದ ಹುಡುಗಿ. ಸುಮ್ನೆ ಮರದಡಿ ಕೂರಾಕೆ ಬಿಡಾಕಿಲ್ಲ ನಾನು. ಗಂಡಿನ ಕಡೆಯೋರು ಬಂದು ಸರಿಯಾಗಿ ಕೇಳ್ಲಿ."

ಹೀಗೆ ಮಾತುಕತೆ ಶುರುವಾಯಿತು. ಗಂಡಿನ ಕಡೆಯಿಂದ ಮಗ, ಹೆಣ್ಣಿನ ಕಡೆಯಿಂದ ಮಗಳು, ನಡುವೆ ನಾನು. ನಿರ್ವಾಣಪ್ಪನವರು ಹಣ್ಣು, ಎಲೆಅಡಿಕೆ ತಂದು ಮೀನಿನ ಅಂಗಡಿಯ ಮುಂದೆ ಮೂಗು ಹಿಡಿದುಕೊಂಡು ನಿಂತರು. "ನಮ್ಮ ತಂದೆಯವರು ಒಳ್ಳೆಯ ಹುಡುಗ. ಬೀಡಿ, ಸಾರಾಯಿ ಯಾವುದೂ ಇಲ್ಲ. ಸ್ವಲ್ಪ ಮುಂಗೋಪ, ಆದರೆ ಅದು ನಾನು ಹುಟ್ಟಿದ ಮೇಲೆ ಬಂದದ್ದು" ಎಂದು ಶಿಫಾರಸು ಮಾಡಿದರು. ದುರುಗಮ್ಮ ತನ್ನ ಷರತ್ತು ಹೇಳಿದಳು. ಬಂಡೆಯ ಮೇಲೆ ನೆರಳಿಲ್ಲ, ನೀರಿಲ್ಲ, ಅಲ್ಲಿಗೆ ತಾಯಿಯನ್ನು ಕಳಿಸುವುದಿಲ್ಲ. ಮದುವೆಯಾದ ಮೇಲೆ ಹುಡುಗ ಕೂಲಿ ಲೈನಿನ ಫೋಟೋದಲ್ಲೇ ಬಂದಿರಬೇಕು. ಮನೆ ಅಳಿಯನಾಗುವುದೇ ಎಂದು ನಿರ್ವಾಣಪ್ಪನವರು ಅರ್ಧ ದಿನ ಮುನಿಸಿಕೊಂಡರು, ಆಮೇಲೆ ಒಪ್ಪಿದರು. ಬದಲಿಗೆ ಮದುವೆಯ ದಿನ ಹಜಾರದೊಳಗೆ ಮೀನು ಬರಕೂಡದು ಎಂದರು. ಅದು ಅವಳಿಗೆ ಬಹಳ ಕಷ್ಟವಾಯಿತು, ಆದರೂ ಒಪ್ಪಿದಳು.

ಮಂತ್ರಿಗಳು ಬರುವ ದಿನವೇ ಒಳ್ಳೆಯ ಮುಹೂರ್ತ ಸಿಕ್ಕಿತು. ವಾಮನರಾಯರು ಮೊದಲು ತಲೆ ಚಚ್ಚಿಕೊಂಡರು, ಆಮೇಲೆ ಚಪ್ಪರಕ್ಕೆ ತಾವೇ ಬಿದಿರು ಕಳಿಸಿದರು. ನಾನು ಚೌಕಟ್ಟುಗಳನ್ನೆಲ್ಲ ಹೊಸದಾಗಿ ಜೋಡಿಸಿದೆ. ಗುದ್ದಲಿಪೂಜೆಯ ಫೋಟೋದಲ್ಲಿ ಒಬ್ಬ ಪುರೋಹಿತ ತೆಂಗಿನಕಾಯಿ ಎತ್ತಿ ಹಿಡಿದು ನಿಂತೇ ಇದ್ದಾನೆ, ಅವನಿಗೆ ದಾರಿಯಾಗಬೇಕು. ಸಂತೆಯ ಫೋಟೋದಲ್ಲಿ ಬಳೆಗಾರನೂ ಬಟ್ಟೆಯವನೂ ಇದ್ದಾರೆ, ಅವರನ್ನೂ ಸೇರಿಸಬೇಕು. ಅಳತೆಯ ಫೋಟೋವನ್ನು ಹೊಂಗೆ ಮರದ ಫೋಟೋಗೆ ಎಡಗಡೆಯಿಂದ ತಾಗಿಸಿದೆ. ಅಷ್ಟಾದ ಮೇಲೆ ಕಣ್ಣು ಮುಚ್ಚಿ ತೆರೆದರೆ ಗಂಗಾಧರಪ್ಪ ಕೋಲನ್ನು ಒರಗಿಸಿಟ್ಟು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಮದುವೆಯ ಬೆಳಿಗ್ಗೆ ಇಡೀ ಊರು ಹಜಾರದಲ್ಲಿ ಸೇರಿತು. ಫೋಟೋಗಳಲ್ಲಿ ಒಬ್ಬರಲ್ಲ ಒಬ್ಬರಿಗೆ ಸಂಬಂಧ ಇಲ್ಲದವರು ಊರಲ್ಲಿ ಯಾರೂ ಇಲ್ಲ. ವಾಲಗದವರು ಬಂದರು. ನಿರ್ವಾಣಪ್ಪನವರು ರೇಷ್ಮೆ ಪಂಚೆ ಉಟ್ಟಿದ್ದರು, ದುರುಗಮ್ಮ ತಲೆ ತುಂಬ ಹೂ ಮುಡಿದಿದ್ದಳು. ಒಂದೇ ತೊಡಕೆಂದರೆ ನಾವು ನೋಡಿದರೆ ಅವರು ಅಲ್ಲಾಡುವಂತಿಲ್ಲ, ಅವರು ಅಲ್ಲಾಡದೆ ಮದುವೆಯಾಗುವಂತಿಲ್ಲ. ಆದ್ದರಿಂದ ಬಂದವರೆಲ್ಲ ಫೋಟೋಗಳಿಗೆ ಬೆನ್ನು ಹಾಕಿ, ಎದುರಿನ ಖಾಲಿ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಲ್ಲಬೇಕೆಂದು ತೀರ್ಮಾನವಾಯಿತು. ಮದುವೆಗೆ ಬಂದು ಮದುವೆ ನೋಡದೆ ನಿಲ್ಲುವುದು ಎಷ್ಟು ಹಿಂಸೆ ಎಂಬುದು ನಿಂತವರಿಗೇ ಗೊತ್ತು. ವಾಲಗದವರೂ ಕಣ್ಣು ಮುಚ್ಚಿಯೇ ಊದಿದರು, ಡೋಲಿನವನ ಏಟು ಎರಡು ಸಲ ವಾಮನರಾಯರ ಬೆನ್ನಿಗೆ ಬಿತ್ತು.

ಗಟ್ಟಿಮೇಳ ಜೋರಾಗಿದ್ದಾಗ ಮಂತ್ರಿಗಳು ಬಂದುಬಿಟ್ಟರು. ಅವರು ಬಾಗಿಲಲ್ಲಿ ನಿಂತಾಗ ಕಂಡದ್ದು ಇಷ್ಟು. ಒಂದು ಹಜಾರದ ತುಂಬ ಜನ, ಒಬ್ಬರೂ ತಿರುಗಿ ನೋಡುತ್ತಿಲ್ಲ, ಎಲ್ಲರೂ ಗೋಡೆಗೆ ಮುಖ ಕೊಟ್ಟು ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದಾರೆ.

"ಏನ್ರೀ ಇದು? ನನ್ನ ಮುಖ ನೋಡೋಕೂ ಇಷ್ಟವಿಲ್ವಾ ಇವರಿಗೆ?" ಎಂದು ಮಂತ್ರಿಗಳು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಸಾರ್, ದಯವಿಟ್ಟು ತಾವೂ ಕಣ್ಣು ಮುಚ್ಚಬೇಕು. ತಾಳಿ ಕಟ್ಟುವ ಹೊತ್ತು" ಎಂದರು ವಾಮನರಾಯರು ತಿರುಗದೆಯೇ.

"ಯಾರು ಯಾರಿಗೆ ಕಟ್ಟುತ್ತಾ ಇದ್ದಾರೆ?"

"ಈ ಹಿರಿಯರ ತಂದೆ ಆ ತಾಯಿಯ ತಾಯಿಗೆ ಕಟ್ಟುತ್ತಾ ಇದ್ದಾರೆ ಸಾರ್."

ಮಂತ್ರಿಗಳ ಚಪ್ಪಲಿಯ ಸದ್ದು ನನ್ನ ಪಕ್ಕಕ್ಕೆ ಬಂದು ನಿಂತಿತು. ಅವರೂ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದರೆಂದು ಕಾಣುತ್ತದೆ. ಮಂತ್ರಿಗಳು ಕೈಯಲ್ಲಿದ್ದ ಹಾರವನ್ನು ಅಂದಾಜಿನ ಮೇಲೆ ನನ್ನ ಕೊರಳಿಗೇ ಹಾಕಿದ್ದು ಬೇರೆ ವಿಷಯ.

ವಾಲಗ ನಿಂತಿತು. ಎಲ್ಲರೂ ತಿರುಗಿದೆವು. ಫೋಟೋಗಳೆಲ್ಲ ಖಾಲಿ. ಸಂತೆ ಖಾಲಿ, ಟೀ ಪಾರ್ಟಿ ಖಾಲಿ, ಬಂಡೆ ಖಾಲಿ. ಎಲ್ಲರೂ ಹೊಂಗೆ ಮರದ ಫೋಟೋದೊಳಗೆ ನುಗ್ಗಿದ್ದರು. ಮರದ ಕೊಂಬೆಗಳ ಮೇಲೂ ಜನ, ಗುಡಿಸಲುಗಳ ಮೇಲೂ ಜನ. ಟೋಪಿ ಸಾಹೇಬ ಟೋಪಿಯಲ್ಲಿ ಅಕ್ಷತೆ ತುಂಬಿಕೊಂಡು ಹಂಚುತ್ತಿದ್ದ. ಆ ನೂಕುನುಗ್ಗಲಿನಲ್ಲಿ ಮದುಮಕ್ಕಳು ಕಾಣಿಸಲೇ ಇಲ್ಲ. ಮತ್ತೆ ಕಣ್ಣು ಮುಚ್ಚಿ, "ಸ್ವಲ್ಪ ಜರುಗ್ರಪ್ಪಾ!" ಎಂದು ಎಲ್ಲರೂ ಒಟ್ಟಿಗೆ ಕೂಗಿದ ಮೇಲೆ ನಡುವೆ ದಾರಿಯಾಯಿತು. ಹೊನ್ನೂರಮ್ಮನ ಕೈ ತುಂಬ ಹೊಸ ಬಳೆ. ಗಂಗಾಧರಪ್ಪನ ಹಲ್ಲಿನ ಸಂದಿ ದೂರದಿಂದಲೂ ಕಾಣುತ್ತಿತ್ತು.

ನಿರ್ವಾಣಪ್ಪನವರೊಬ್ಬರು ಮಾತ್ರ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿ ಕಣ್ಣು ಮುಚ್ಚಿ ನಿಂತಿದ್ದರು. ಎರಡೂ ಕೈಯಲ್ಲಿ ತಮ್ಮ ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಇದೀರ, ಕಣ್ ಬಿಡಿ" ಎಂದಳು ದುರುಗಮ್ಮ ಹತ್ತಿರ ಹೋಗಿ.

"ನೀವು?"

"ನಾನಿಲ್ದಿದ್ರೆ ನಿಮ್ಮ ಜೊತೆ ಮಾತಾಡ್ತಿರೋರು ಯಾರು?"

ಅವರು ಒಂದು ಕಣ್ಣು ಬಿಟ್ಟರು, ಆಮೇಲೆ ಇನ್ನೊಂದು. ತಮ್ಮ ಕೈ ನೋಡಿಕೊಂಡರು. ತಂದೆಯನ್ನು ನೋಡಿದರು. ನೋಡುತ್ತಾ ನೋಡುತ್ತಾ ಮಕ್ಕಳಂತೆ ಬಿಕ್ಕಿಬಿಕ್ಕಿ ಅಳತೊಡಗಿದರು. ದುರುಗಮ್ಮ ಅವರ ಬೆನ್ನು ಸವರುತ್ತಾ, "ಸುಮ್ಕಿರಿ ಅಣ್ಣಯ್ಯ. ಮಂಗಳ ಕಾರ್ಯದಲ್ಲಿ ಅಳಬಾರ್ದು" ಎಂದಳು. ಆ ಮಾತು ಕೇಳಿ ಅವರ ಅಳು ನಿಂತೇ ಹೋಯಿತು. ಅವರ ಅಪ್ಪ ಇವಳ ಅವ್ವನನ್ನು ಮದುವೆಯಾದ ಮೇಲೆ ಇವರಿಬ್ಬರೂ ಅಣ್ಣ ತಂಗಿಯರೇ ಆದರಲ್ಲ. ಇಷ್ಟು ಸರಳವಾದ ಲೆಕ್ಕ ಹೆಡ್‌ಮಾಸ್ತರರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

"ನನಗೆ ಒಡಹುಟ್ಟಿದವರೇ ಇರಲಿಲ್ಲ" ಎಂದರು ಅವರು.

"ಈಗ ಒಬ್ಳು ಗಂಟು ಬಿದ್ದವ್ಳೆ. ಅನುಭವ್ಸಿ" ಎಂದಳು ಅವಳು.

ಮರುದಿನದಿಂದ ಫೋಟೋಗಳಲ್ಲಿ ಕೆಲಸ ಶುರುವಾಯಿತು. ಕ್ರೇನಿನ ಕಲ್ಲು ಕೆಳಗಿಳಿಯಿತು, ಗೇಟು, ಕಟಕಟೆ ಎಲ್ಲ ಒಂದೊಂದಾಗಿ ಸ್ವಸ್ಥಾನಕ್ಕೆ ಬಂದವು. ಕೆಳಗಿನ ಬೀದಿಯವರು ಹಾಸಿಗೆ ಇಳಿಸಿಕೊಂಡು ಮಹಡಿಯವರ ಜೊತೆ ಎಂದಿನಂತೆ ಜಗಳ ಹೂಡಿದರು. ಗಂಗಾಧರಪ್ಪ ಹಗಲು ಬಂಡೆಯ ಮೇಲೆ ಕೋಲು ಹಿಡಿದು ನಿಲ್ಲುತ್ತಾನೆ, ಸಂಜೆ ನಾನು ಬೀಗ ಹಾಕುವ ಹೊತ್ತಿಗೆ ಕೋಟು ಹೆಗಲಿಗೇರಿಸಿ ಹೊಂಗೆ ಮರದ ಕಡೆಗೆ ಅರ್ಧ ದಾರಿಯಲ್ಲಿರುತ್ತಾನೆ. ನಿರ್ವಾಣಪ್ಪನವರು ವಾಕಿಂಗಿಗೆ ಈಗ ನೇರ ದಾರಿಯಲ್ಲೇ ಹೋಗುತ್ತಾರೆ. ದುರುಗಮ್ಮನ ಅಂಗಡಿಯ ಮುಂದೆ ಗಾಳಿ ಬೀಸುವ ಕಡೆ ನೋಡಿ ಕುರ್ಚಿ ಹಾಕಿಕೊಂಡು, ಮೀನು ತಿನ್ನಲು ಬಂದ ಪ್ರವಾಸಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅವರ ಹೆಡ್‌ಮಾಸ್ತರಿಕೆಗೆ ಹೆದರಿ ಯಾರೂ ಸಾಲು ಮುರಿಯುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನೇ ಓಡಿಹೋಗಿ ಇಬ್ಬರನ್ನೂ ಕರೆತಂದೆ. ದಾರಿಯಲ್ಲಿ ಏನೂ ಹೇಳಲಿಲ್ಲ. ಹೊಂಗೆ ಮರದ ಕೆಳಗಿನ ಕೊಂಬೆಗೆ ಒಂದು ಹಳೆಯ ಸೀರೆಯ ಜೋಲಿ ಕಟ್ಟಿತ್ತು. ಅದರ ಪಕ್ಕ ಹೊನ್ನೂರಮ್ಮ ಮಲಗಿದ್ದಳು, ಗಂಗಾಧರಪ್ಪ ತೂಗುವ ಹಗ್ಗ ಹಿಡಿದು ಕೂತಲ್ಲೇ ತೂಕಡಿಸುತ್ತಿದ್ದ.

ಇಬ್ಬರೂ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಜೋಲಿಯೊಳಗೆ ಏನಿದೆಯೋ ಕಾಣಲಿಲ್ಲ.

"ತಮ್ಮನೋ ತಂಗಿಯೋ?" ಎಂದು ನಿರ್ವಾಣಪ್ಪನವರು ಪಿಸುಗುಟ್ಟಿದರು.

"ಯಾವ್ದಾದ್ರೂ ಆಗ್ಲಿ, ಮಾತು ಬರ್ತಿದ್ದಂಗೆ ನಮ್ಮಿಬ್ರನ್ನ ತಾತ, ಅಜ್ಜಿ ಅಂತದೆ. ಕಣ್ ಮುಚ್ಚಿ ಅಣ್ಣಯ್ಯ."

ಮೂವರೂ ಕಣ್ಣು ಮುಚ್ಚಿದೆವು. ಯಾಕೋ ಈ ಸಲ ಯಾರಿಗೂ ಬೇಗ ತೆರೆಯುವ ಧೈರ್ಯವಾಗಲಿಲ್ಲ. ತೆರೆದಾಗ ಜೋಲಿಯ ಅಂಚಿನಿಂದ ಒಂದು ಪುಟ್ಟ ಮುಷ್ಟಿ ಹೊರಗೆ ಬಂದಿತ್ತು. ಬಿಗಿಹಿಡಿದು, ನೇರವಾಗಿ ನಮ್ಮ ಕಡೆಗೇ ಎತ್ತಿತ್ತು.

ದುರುಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹೂಂ, ನಿಮ್ಮಂಗೇ ಐತೆ. ಹುಟ್ಟುತ್ಲೇ ಜಗಳಕ್ಕೆ ನಿಂತೈತೆ."

"ನನ್ನ ಹಾಗಲ್ಲ, ನಿನ್ನ ಹಾಗೆ" ಎಂದರು ನಿರ್ವಾಣಪ್ಪನವರು. ಅವರು ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.